ರೊಟ್ಟಿಗಲ್ಲಿನಲ್ಲಿ ಪ್ರಾಣಿ ಇರಲಿಲ್ಲ

ಹೋದ ಭಾನುವಾರ ಮನೆಯ ಮೇಲಿನ ನೀರಿನ ಟಾಕಿಯ ಮುಚ್ಚಳ ತೆಗೆದೆ. ತೆಗೆಯಬಾರದಿತ್ತು. ಬಾಗಲಕೋಟೆಯ ನವನಗರಕ್ಕೆ ನಾವು ಬಂದ ಮೇಲೆ ಒಮ್ಮೆಯೂ ತೊಳೆಯದ ಟಾಕಿ ಅದು. ಒಳಗಿನಿಂದ ಎದ್ದ ಹಸಿ ನಾತ ಮೂಗಿಗೆ ಬಡಿದದ್ದೇ ತಡ, ಬೆಳಗ್ಗೆ ತಿಂದ ಉಪ್ಪಿಟ್ಟು ಗಂಟಲಿಗೆ ಬಂತು. ಗೋಡೆಯ ತುಂಬ ಪಾಚಿ ಹಬ್ಬಿತ್ತು. ಬೆರಳು ತಾಗಿಸಿದರೆ ಲೋಳೆಯ ಒಂದು ಪದರ ಎದ್ದು ಬರುತ್ತಿತ್ತು, ಅದರ ಕೆಳಗೆ ಧೂಳಿನ ಒಂದು ಪದರ, ಅದರ ಕೆಳಗೆ ಮತ್ತೆ ಲೋಳೆ. ಇದೇ ನೀರಿನಲ್ಲಿ ಇಷ್ಟು ವರ್ಷ ಬಾಯಿ ಮುಕ್ಕಳಿಸಿದ್ದೇವೆ ಎಂಬುದು ನೆನಪಾಯಿತು.

ಥೂ ಎಂದೆ. ಹಾಗೆಂದ ಕೂಡಲೇ ಅಕ್ಕೋರು ನೆನಪಾದರು. ನನ್ನ ಆ ‘ಥೂ’ವನ್ನು ಇಡೀ ಜೀವನದಲ್ಲಿ ಆಕ್ಷೇಪಿಸಿದವರು ಅವರೊಬ್ಬರೇ.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಎನ್ನುತ್ತೇವೆ. ನನಗೆ ಎಂಟನೇ ಇಯತ್ತೆಯಿಂದ ಹತ್ತರವರೆಗೆ ವಿಜ್ಞಾನ ಕಲಿಸಿದವರು ಅವರು. ಇಳಕಲ್ಲಿನವರು. ಅಲ್ಲಿ ಅವರ ತಂದೆ ಕೆಂಪು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರಂತೆ. ಕಲ್ಲಿನ ಪುಡಿ ಬಿದ್ದ ಅಂಗಳದಲ್ಲಿ ಆಡಿ ಬೆಳೆದ ಹುಡುಗಿ ಕಲ್ಲನ್ನೇ ಓದಿಕೊಂಡು ಬಂದು, ನಮ್ಮಂಥ ಊರಿನಲ್ಲಿ ಪಾಠ ಹೇಳುತ್ತ ಕುಳಿತಿದ್ದರು. ನಮ್ಮೂರೆಂದರೆ ಬಾಗಲಕೋಟೆಯಿಂದ ಬಾದಾಮಿಗೆ ಹೋಗುವ ಬಸ್ಸಿನಿಂದ ನಡುವೆ ಇಳಿದು, ಒಳಗೆ ಅರ್ಧ ತಾಸು ನಡೆಯಬೇಕಾದ ಊರು. ಬಂದವರೆಲ್ಲ ಆರು ತಿಂಗಳಲ್ಲಿ ವರ್ಗ ಮಾಡಿಸಿಕೊಂಡು ಓಡಿಹೋಗುತ್ತಿದ್ದರು. ಇವರು ಮಾತ್ರ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದು ನಮಗೆ ತಿಳಿದದ್ದು ರೊಟ್ಟಿಗಲ್ಲಿಗೆ ಕರೆದುಕೊಂಡು ಹೋದ ದಿನ.

ಅದಕ್ಕೂ ಮೊದಲು ದನದ ಬಾನಿಯ ಕಥೆ ಹೇಳಬೇಕು. ನಾನು ಸಣ್ಣವಳಿದ್ದಾಗಿನಿಂದ ಹೇಸಿಗೆಯ ಮನುಷ್ಯಳು. ಸಗಣಿ ಮುಟ್ಟುತ್ತಿರಲಿಲ್ಲ, ಇನ್ನೊಬ್ಬರ ಲೋಟದಲ್ಲಿ ನೀರು ಕುಡಿಯುತ್ತಿರಲಿಲ್ಲ, ಯಾರಾದರೂ ಸಿಂಬಳ ಸೀಟಿದರೆ ಎರಡು ದಿನ ಅವರ ಹತ್ತಿರ ಕೂಡುತ್ತಿರಲಿಲ್ಲ. ‘ಹುಟ್ಟಿದ್ದು ಒಕ್ಕಲಿಗರ ಮನ್ಯಾಗ, ನಾಜೂಕು ಮಾತ್ರ ರಾಣೀದು’ ಎಂದು ಅವ್ವ ಆಡಿಕೊಳ್ಳುತ್ತಿದ್ದಳು. ಒಂದು ದಿನ ಅಕ್ಕೋರು ನಮ್ಮ ಇಯತ್ತೆಯನ್ನೆಲ್ಲ ಊರ ಬಾವಿಯ ಪಕ್ಕದ ದನ ನೀರು ಕುಡಿಯುವ ಕಲ್ಲಬಾನಿಯ ಹತ್ತಿರ ನಿಲ್ಲಿಸಿದರು. ಒಳಗೆ ಹಸಿರು ಪಾಚಿ ಕಟ್ಟಿತ್ತು, ಮೇಲೆ ಎಮ್ಮೆಗಳ ಜೊಲ್ಲು ತೇಲುತ್ತಿತ್ತು. ಅಕ್ಕೋರು ಸೆರಗು ಸಿಕ್ಕಿಸಿ, ಮೊಳಕೈವರೆಗೆ ಕೈ ಅದ್ದಿ, ಒಂದು ಹಿಡಿ ಪಾಚಿ ಎತ್ತಿ ನನ್ನ ಕೈಯಲ್ಲಿ ಇಟ್ಟರು.

ನಾನು ಅಲ್ಲೇ ಕಾರಿಕೊಂಡೆ. ಹುಡುಗರು ಬಿದ್ದು ಬಿದ್ದು ನಕ್ಕರು. ಅಕ್ಕೋರು ನಗಲಿಲ್ಲ, ಬೈಯಲೂ ಇಲ್ಲ. ತಮ್ಮ ಕೈಯಿಂದಲೇ ನನ್ನ ಬಾಯಿ ಒರೆಸಿ, ಬಾವಿಯ ನೀರು ಸೇದಿ ನನ್ನ ಕೈಗೆ ಸುರುವಿದರು.

‘ಮೂಸಿ ನೋಡು. ಹೋತೋ ಇಲ್ಲೋ?’

‘ಹೋತ್ರಿ.’

‘ತೊಳದ್ರ ಹೋಗೂದಕ್ಕ ಹೇಸಿಗಿ ಅನಬಾರದು ತಂಗಿ.’

ಆ ಮಾತು ಆಗ ನನಗೆ ಅರ್ಥವಾಗಲಿಲ್ಲ. ಅರ್ಥವಾಗುವ ವಯಸ್ಸೂ ಅಲ್ಲ ಅದು. ನನಗೆ ಉಳಿದದ್ದು ಅವರ ಕೈ ಮಾತ್ರ, ಪಾಚಿ ಹಿಡಿದ ಕೈಯಿಂದಲೇ ನನ್ನ ಬಾಯಿ ಒರೆಸಿದ್ದು…

ಅಲ್ಲಿಂದ ನಡೆದೇ ರೊಟ್ಟಿಗಲ್ಲಿಗೆ ಹೋದೆವು. ಊರ ಪಡುವಣಕ್ಕೆ, ಹಳ್ಳ ದಾಟಿದರೆ, ಕಪ್ಪು ಬೂದಿ ಬಣ್ಣದ ಕಲ್ಲಿನ ದೊಡ್ಡ ಹಾಸು. ಅದರ ಮೇಲೆಲ್ಲ ದುಂಡು ದುಂಡು ಗುರುತುಗಳು. ಒಂದರೊಳಗೆ ಒಂದು ಬಳೆ ಇಟ್ಟಂತೆ ಗೆರೆಗಳು. ಹಾಸಿನ ಅಂಚಿನಲ್ಲಿ ಕಲ್ಲು ಒಡೆದ ಕಡೆ ಬಗ್ಗಿ ನೋಡಿದರೆ, ಬುಟ್ಟಿಯಲ್ಲಿ ಒಂದರ ಮೇಲೊಂದು ಒಟ್ಟಿದ ಕಟಕ ರೊಟ್ಟಿಯ ಹಾಗೆ ತೆಳು ತೆಳು ಪದರಗಳು. ಅದಕ್ಕೇ ಆ ಹೆಸರು. ಊರಲ್ಲಿ ಒಂದು ಕಥೆಯೂ ಇತ್ತು: ಹಸಿದು ಬಂದ ಜಂಗಮನಿಗೆ ಒಬ್ಬ ಸೊಸೆ ರೊಟ್ಟಿ ಇಲ್ಲ ಎಂದು ಸುಳ್ಳು ಹೇಳಿದಳು, ಬುಟ್ಟಿಯ ರೊಟ್ಟಿಯೆಲ್ಲ ಕಲ್ಲಾಯಿತು. ಅಂದಿನಿಂದ ಪ್ರತಿ ವರ್ಷ ಶ್ರಾವಣದ ರೊಟ್ಟಿ ಪಂಚಮಿಗೆ ಮನೆ ಮನೆಯಿಂದ ಮೊದಲ ರೊಟ್ಟಿ ಆ ಕಲ್ಲಿನ ಮೇಲೆ ಇಟ್ಟು ಬರುವುದು, ಆಮೇಲೆ ಓಣಿಗೆ ಹಂಚುವುದು. ಸುಳ್ಳಿಗೆ ನಮ್ಮೂರವರು ಕೊಡುತ್ತಿದ್ದ ದಂಡ ಅದು.

ಅಕ್ಕೋರು ಆ ಕಥೆಯನ್ನು ಅಲ್ಲಗಳೆಯಲಿಲ್ಲ. ಚಂದ ಐತಿ ಎಂದರು. ಆಮೇಲೆ ತಮ್ಮ ಕಥೆ ಹೇಳಿದರು. ಇಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು, ಮೊಳಕಾಲು ಆಳದ ಬೆಚ್ಚಗಿನ ನೀರು. ಆ ನೀರಿನ ತಳದಲ್ಲಿ ಈಗ ನೀನು ಮುಟ್ಟಿ ಕಾರಿಕೊಂಡೆಯಲ್ಲ, ಅಂಥದೇ ಲೋಳೆ ಹಬ್ಬಿತ್ತು. ನೀರಿನ ಜೊತೆ ಬಂದ ಸಣ್ಣ ಮಣ್ಣು ಅದಕ್ಕೆ ಅಂಟಿತು. ಬಿಸಿಲು ಬೇಕಲ್ಲ, ಲೋಳೆ ಮಣ್ಣಿನ ಮೇಲೆ ಹತ್ತಿ ಕುಳಿತಿತು. ಮತ್ತೆ ಮಣ್ಣು, ಮತ್ತೆ ಲೋಳೆ. ಹೀಗೆ ರೊಟ್ಟಿಯ ಮೇಲೆ ರೊಟ್ಟಿ. ನೂರು ಕೋಟಿ ವರ್ಷಕ್ಕೂ ಹಿಂದಿನ ಮಾತು ಇದು. ಅಂಥ ಲೋಳೆ ಜಗತ್ತಿನ ಕಡಲುಗಳಲ್ಲೆಲ್ಲ ಕುಳಿತು ಕೋಟಿ ಕೋಟಿ ವರ್ಷ ಉಸಿರು ಬಿಟ್ಟಿದ್ದಕ್ಕೇ ಇವತ್ತು ನಮಗೆ ಉಸಿರಾಡಲು ಗಾಳಿ ಇದೆ ಎಂದರು.

ಹುಡುಗರಿಗೆ ಇದು ಸಾಲಲಿಲ್ಲ. ಎಲುಬು ಎಲ್ಲಿ, ಮೀನು ಎಲ್ಲಿ ಎಂದು ಒಬ್ಬ ಕಲ್ಲು ಎತ್ತಿ ಹಾಸನ್ನು ಜಜ್ಜತೊಡಗಿದ. ಅಕ್ಕೋರು ಅವನ ಕೈ ಹಿಡಿದರು.

‘ನಮ್ಮ ಕಲ್ಲಾಗ ಪ್ರಾಣಿ ಇಲ್ಲೋ ಲೇ. ಎಷ್ಟ ಒಡದ್ರೂ ಸಿಗಂಗಿಲ್ಲ. ಪ್ರಾಣಿ ಅನ್ನೂದು ಹುಟ್ಟೋಕಿಂತ ಮದಲಿಂದು ಇದು.’

ಈ ಮಾತನ್ನು ಅವರು ವರ್ಷಕ್ಕೆ ಹತ್ತು ಸಲವಾದರೂ ಹೇಳಿರಬೇಕು. ಪ್ರತಿ ಸಲ ಹೇಳುವಾಗ ಒಂದು ಗತ್ತು ಇರುತ್ತಿತ್ತು, ಮನೆತನದ ಹಿರಿತನ ಹೇಳಿಕೊಂಡಂತೆ. ನಮಗೆ ಮಾತ್ರ ಅದು ಕೊರತೆಯಾಗಿ ಕೇಳಿಸುತ್ತಿತ್ತು. ಬೇರೆ ಕಡೆಯ ಕಲ್ಲಿನಲ್ಲಿ ರಾಕ್ಷಸ ಹಲ್ಲಿಗಳ ಎಲುಬು ಸಿಗುತ್ತವಂತೆ, ನಮ್ಮಲ್ಲಿ ಬರೀ ಪಾಚಿ. ನಮ್ಮ ನಸೀಬೇ ಅಷ್ಟು ಎಂದು ನಾವು ಮಾತಾಡಿಕೊಂಡೆವು.

ಆ ದಿನ ಹಾಸಿನ ಪಕ್ಕದ ಹೊಲದಲ್ಲಿ ಅಪ್ಪ ಕಳೆ ತೆಗೆಯುತ್ತಿದ್ದ. ಈ ಜಾಗಕ್ಕೆ ಪಹಣಿಯ ಉತಾರದಲ್ಲಿ ಏನೆಂದು ಬರೆದಿದ್ದಾರೆ ಎಂದು ಅಕ್ಕೋರು ಅವನನ್ನು ಕೇಳಿದರು. ‘ಸರಕಾರಿ ಖರಾಬ ಐತ್ರಿ ಅಕ್ಕೋರ’ ಎಂದ ಅಪ್ಪ. ಬಿತ್ತಲು ಬಾರದ ಭೂಮಿಗೆ ದಫ್ತರದಲ್ಲಿ ಖರಾಬು ಎನ್ನುತ್ತಾರೆ, ಕಲ್ಲಿದ್ದರೆ ಕಲ್ಲು ಖರಾಬು. ಅಕ್ಕೋರಿಗೆ ನಗು ತಡೆಯಲಾಗಲಿಲ್ಲ.

‘ಉಸಿರ ಕೊಟ್ಟಿದ್ದ ಖರಾಬ, ಶೇಂಗಾ ಕೊಡೂದು ಚಲೋ. ಬರದವರ ಜಾಣತನಕ್ಕ ಏನ ಹೇಳಬೇಕು.’

ಆಮೇಲಿನ ಎರಡು ವರ್ಷ ಅವರ ಪಾಠದಲ್ಲಿ ಪರೀಕ್ಷೆಗೆ ಬಾರದ ಮಾತುಗಳೇ ಹೆಚ್ಚು. ಲೋಳೆಯ ನಂತರ ಬಂದ ಮೊದಮೊದಲ ಪ್ರಾಣಿಗಳನ್ನು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಎಲೆಯ ಹಾಗೆ, ಗಾದಿಯ ಹಾಗೆ ಮೆತ್ತಗೆ ಬಿದ್ದುಕೊಂಡಿರುತ್ತಿದ್ದವಂತೆ ಅವು. ‘ಬಾಯೀನೂ ಇಲ್ಲ, ಕುಂಡೀನೂ ಇಲ್ಲ, ಯಾರ ತಂಟೇಕೂ ಹೋಗತಿದ್ದಿಲ್ಲ’ ಎಂದಾಗ ಇಡೀ ಇಯತ್ತೆ ನಕ್ಕಿತ್ತು. ಆಮೇಲೆ ಬಾಯಿ ಬಂತು. ಬಾಯಿ ಬಂದ ಮೇಲೆ ಲೋಳೆಯನ್ನು ಮೇಯಲು ಶುರು ಮಾಡಿದವು. ಲೋಳೆ ಹಿಂದೆ ಸರಿಯಿತು, ರೊಟ್ಟಿ ಕಟ್ಟುವುದು ಕಡಿಮೆಯಾಯಿತು. ಮೈ ಮೇಲೆ ಅಡ್ಡ ಗೆರೆಗಳಿರುವ ಒಂದು ಹುಳದ ಚಿತ್ರ ಅವರ ಪುಸ್ತಕದಲ್ಲಿತ್ತು. ಲೋಕದಲ್ಲಿ ಮೊದಲು ಕಣ್ಣು ಬಿಟ್ಟು ನೋಡಿದವುಗಳಲ್ಲಿ ಅದೂ ಒಂದಂತೆ. ಕೋಟಿಗಟ್ಟಲೆ ವರ್ಷ ಕಡಲಲ್ಲಿ ಮೆರೆದು, ಒಂದು ದೊಡ್ಡ ಸಾವಿನಲ್ಲಿ ಒಂದೂ ಉಳಿಯದೆ ಹೋಯಿತಂತೆ.

ಆ ಸಾವುಗಳ ಬಗ್ಗೆ ಹೇಳುವಾಗ ಅಕ್ಕೋರ ದನಿ ಸಣ್ಣದಾಗುತ್ತಿತ್ತು. ಐದು ಸಲ ಹಾಗಾಗಿದೆ, ಭೂಮಿಯ ಮೇಲಿನ ಬಾಳ್ವೆ ಹೆಚ್ಚುಕಡಿಮೆ ಮಣ್ಣುಗೂಡಿದೆ. ಎಲ್ಲಕ್ಕಿಂತ ದೊಡ್ಡ ಸಾವಿನಲ್ಲಿ ಕಡಲು ಬಿಸಿಯಾಗಿ, ಉಸಿರು ಕಟ್ಟಿ, ಪ್ರಾಣಿಗಳಲ್ಲಿ ಹೆಚ್ಚಿನವೆಲ್ಲ ಸತ್ತವು. ಆಗ ಏನು ಬಂತು ಹೇಳ್ರಿ ಎಂದು ಕೇಳಿ, ತಾವೇ ಹೇಳಿದರು. ಪಾಚಿ ಬಂತು. ಮೇಯುವವರು ಸತ್ತಿದ್ದರಲ್ಲ, ತಳದಲ್ಲೆಲ್ಲೋ ಕಾದು ಕುಳಿತದ್ದು ಎದ್ದು ಬಂದು ಮತ್ತೆ ರೊಟ್ಟಿ ತಟ್ಟತೊಡಗಿತು.

‘ಥೂ, ಮತ್ತ ಅದನಾ?’ ಎಂದೆ ನಾನು.

‘ಮತ್ತ ಅದನ. ನಾವೆಲ್ಲಾ ಹೋದ ಮ್ಯಾಲೂ ಅದನ. ಅದಕ್ಕ ಅದರ ಮುಂದ ಭಾಳ ಸೊಕ್ಕ ಮಾಡಬ್ಯಾಡ.’

ಹೀಗೆ ಹೇಳುತ್ತ ಹೋದರೆ ನಾನು ಅವರ ಬಹಳ ಪ್ರೀತಿಯ ಶಿಷ್ಯೆಯಾಗಿದ್ದೆ ಎಂದು ಓದುವವರಿಗೆ ಅನ್ನಿಸಬಹುದು. ಆಗಿದ್ದೆ. ಅದೇ ಹೇಸಿಗೆ.

ಇನ್ನು ನನ್ನ ಕಥೆ. ಓದು ಮುಗಿಸಿ, ಹಳ್ಳಿಯ ಜಮೀನಿನ ಲೆಕ್ಕ ಬರೆಯುವ ತಲಾಟಿಯಾದೆ. ಸರಕಾರ ನಮ್ಮ ಹುದ್ದೆಗೆ ಆಗಾಗ ಹೊಸ ಹೆಸರು ಇಡುತ್ತದೆ, ಊರವರು ಮಾತ್ರ ತಲಾಟಿ ಮೇಡಂ ಎನ್ನುವುದನ್ನು ಬಿಟ್ಟಿಲ್ಲ. ಮೊದಲು ಹುನಗುಂದದ ಕಡೆ, ರಾಮಥಾಳದ ಸುತ್ತಿನ ಹಳ್ಳಿಗಳಲ್ಲಿ ಕೆಲಸ ಮಾಡಿದೆ. ಆಮೇಲೆ ತಿರುಗಿ ತಿರುಗಿ ನನ್ನ ಊರೇ ಸೇರಿದ ಸಜ್ಜೆಗೆ, ಅಂದರೆ ಒಬ್ಬ ತಲಾಟಿಯ ಕೈಕೆಳಗಿನ ಹಳ್ಳಿಗಳ ಗುಂಪಿಗೆ, ಬಂದೆ. ಗಂಡ ಬಾಗಲಕೋಟೆಯಲ್ಲಿ, ಮಗಳು ಅಲ್ಲಿಯ ಸಾಲಿಯಲ್ಲಿ, ನಾನು ದಿನಾ ಎರಡು ಬಸ್ಸು ಬದಲಿಸಿ ಓಡಾಡುವುದು. ನನಗೆ ನವನಗರಕ್ಕೆ ವರ್ಗ ಬೇಕಿತ್ತು. ಮನೆಯಲ್ಲಿ, ಬಸ್ಸಿನಲ್ಲಿ, ಚಾವಡಿಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಆ ಹೊತ್ತಿಗೆ ನಮ್ಮ ಕಡೆ ರಸ್ತೆ ಅಗಲ ಮಾಡುವ ಕೆಲಸ ಬಂತು, ರಸ್ತೆಗೆ ಖಡಿ, ಅಂದರೆ ಜಲ್ಲಿಕಲ್ಲು, ಬೇಕಾಯಿತು. ಖಡಿ ಮಷಿನಿನ ಸಾಹುಕಾರನೊಬ್ಬ ರೊಟ್ಟಿಗಲ್ಲಿನ ಹಾಸನ್ನು ಗುತ್ತಿಗೆ ಕೇಳಿ ಅರ್ಜಿ ಹಾಕಿದ. ನಿವೃತ್ತರಾಗಿ ಇಳಕಲ್ಲಿನಲ್ಲಿದ್ದ ಅಕ್ಕೋರಿಗೆ ಅದು ಹೇಗೋ ಗೊತ್ತಾಯಿತು. ನಾಲ್ಕು ಪುಟದ ತಕರಾರು ಬರೆದು ಕಳಿಸಿದರು. ಗುಂಡಗಿನ ಅಕ್ಷರ, ಹೊಡೆದುಹಾಕಿದ ಒಂದು ಕಾಟೂ ಇಲ್ಲ. ಇಲ್ಲಿ ಪುರಾತನ ಜೀವಿಗಳ ಅವಶೇಷವಿದೆ, ತಿಳಿದವರನ್ನು ಕರೆಸಿ ನೋಡುವವರೆಗೆ ಒಡೆಯಬೇಡಿ ಎಂಬುದು ಅದರ ಸಾರ.

ಊರವರೂ ಒಡೆಯುವುದು ಬೇಡ ಎನ್ನುವವರೇ, ಅವರ ಉಪಾಯ ಮಾತ್ರ ಬೇರೆ ಇತ್ತು. ಅಕ್ಕೋರು ಊರಿಗೆ ಬಂದ ದಿನ ಹಿರಿಯರೊಬ್ಬರು ಕಟ್ಟೆಯ ಮೇಲೆ ಕುಳಿತು ಹೇಳಿದರು, ‘ಅಕ್ಕೋರ, ನಾಕ ಪುಟ ಯಾಕ ಬರೀತೀರಿ? ಮೂರ ಬಟ್ಟ ವಿಭೂತಿ ಬಡದು, ಒಂದ ಝಂಡಾ ಹಚ್ಚೂಣು. ಯಾವ ಮಗಾ ಮುಟ್ಟತಾನ ನೋಡೂಣು.’ ಖರೆ ಹೇಳಬೇಕೆಂದರೆ ಅದೊಂದೇ ಮಾತಿನಿಂದ ಆ ಕಲ್ಲು ಉಳಿಯುತ್ತಿತ್ತು. ಅಕ್ಕೋರು ಒಪ್ಪಲಿಲ್ಲ. ‘ಇವತ್ತ ವಿಭೂತಿ, ನಾಳೆ ಎಣ್ಣಿ, ನಾಡದ ಮ್ಯಾಲೊಂದ ಸಿಮೆಂಟಿನ ಗುಡಿ. ಸುಳ್ಳ ಹೇಳಿದ್ದಕ್ಕ ರೊಟ್ಟಿ ಕಲ್ಲಾತು ಅಂತೀರಿ, ಆ ಕಲ್ಲ ಉಳಸಾಕ ಮತ್ತ ಸುಳ್ಳ ಹೇಳಬೇಕ?’ ಎಂದರು. ಹಿರಿಯರು ತಂಬಾಕು ಉಗುಳಿ ಎದ್ದು ಹೋದರು.

ನಾನು ಅಲ್ಲೇ ಇದ್ದೆ. ಚಾವಡಿಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಹೊರಡುವಾಗ ಅಕ್ಕೋರು ನನ್ನ ಕಡೆ ಕೈ ಮಾಡಿ, ‘ನೀ ಅದೀಯಲ್ಲ, ನನಗೇನ ಕಾಳಜಿ ಇಲ್ಲ’ ಎಂದು ಬಸ್ಸಿಗೆ ನಡೆದರು.

ತಕರಾರು ಮೇಲಿನ ಕಚೇರಿಗಳನ್ನೆಲ್ಲ ಸುತ್ತಿ, ಸ್ಥಳ ನೋಡಿ ವರದಿ ಕೊಡಿ ಎಂಬ ಕಾಗದವಾಗಿ ಕಡೆಗೆ ನನ್ನ ಟೇಬಲ್ಲಿಗೇ ಬಂತು. ಆ ಕಾಗದ ಬರೆದ ಗುಮಾಸ್ತ ಅಕ್ಕೋರ ನಾಲ್ಕು ಪುಟವನ್ನು ಎರಡು ಸಾಲು ಮಾಡಿದ್ದ. ಸದರಿ ಸ್ಥಳದಲ್ಲಿ ಪುರಾತನ ಪ್ರಾಣಿಗಳ ಅವಶೇಷಗಳಿವೆಯೆಂದು ತಕರಾರು ಬಂದಿದ್ದು, ಪರಿಶೀಲಿಸಿ ವರದಿ ಸಲ್ಲಿಸುವುದು. ಅಕ್ಕೋರು ಬರೆದದ್ದು ಜೀವಿ. ಗುಮಾಸ್ತ ಬರೆದದ್ದು ಪ್ರಾಣಿ. ಅವನ ತಪ್ಪೇನೂ ಇಲ್ಲ. ಅವನಿಗೆ ಎರಡೂ ಒಂದೇ.

ನನಗೆ ಎರಡೂ ಒಂದೇ ಆಗಿರಲಿಲ್ಲ, ಪಾಚಿ ಜೀವಿ, ಪ್ರಾಣಿಯಲ್ಲ. ಆ ಕಾಗದ ಓದಿದ ಕೂಡಲೇ ತಪ್ಪು ಕಣ್ಣಿಗೆ ಬಿತ್ತು. ಅದೇ ಗಳಿಗೆಯಲ್ಲಿ ಆ ತಪ್ಪು ನನಗೆ ಎಷ್ಟು ಅನುಕೂಲ ಎಂಬುದೂ ಹೊಳೆಯಿತು. ಮೊದಲನೆಯದು ಅಕ್ಕೋರು ಕಲಿಸಿದ ವಿದ್ಯೆ, ಎರಡನೆಯದು ನನ್ನ ಸ್ವಂತದ್ದು.

ಸಾಹುಕಾರ ಒಂದು ಮಧ್ಯಾಹ್ನ ಚಾವಡಿಗೆ ಬಂದ. ಬೈಯಲಿಲ್ಲ, ಬೆದರಿಸಲಿಲ್ಲ. ಅಮೀನಗಡದ ಕರದಂಟಿನ ಒಂದು ಡಬ್ಬಿ ಟೇಬಲ್ಲಿನ ಮೇಲಿಟ್ಟು, ‘ಮೇಡಂ ದಿನಾ ಎರಡ ಬಸ್ ಹತ್ತಿ ಬರ್ತಾರಂತ, ಸಣ್ಣ ಮಗಳ ಅದಾಳಂತ, ಇದೆಂಥಾ ನ್ಯಾಯ್ರಿ’ ಎಂದು ಮರುಕಪಟ್ಟ. ಮೇಲೆ ತನಗೆ ಪರಿಚಯದವರಿದ್ದಾರೆ ಎಂದ. ಅಷ್ಟೇ. ಯಾರೂ ನನ್ನ ಕುತ್ತಿಗೆಗೆ ಚಾಕು ಹಿಡಿದಿರಲಿಲ್ಲ. ಇದನ್ನು ಬರೆದಿಡುತ್ತೇನೆ, ಯಾಕೆಂದರೆ ಚಾಕು ಹಿಡಿದಿದ್ದರು ಎಂದು ನನ್ನ ಮನಸ್ಸು ಆಗಾಗ ಸುಳ್ಳು ಹೇಳುತ್ತದೆ.

ಮರುದಿನ ಹಾಸಿನ ಹತ್ತಿರ ಹೋಗಿ, ಐದು ಜನ ಪಂಚರನ್ನು ನಿಲ್ಲಿಸಿ, ಬರೆದೆ: ಸದರಿ ಜಮೀನು ಕಲ್ಲು ಖರಾಬು ಇದ್ದು ಸಾಗುವಳಿಗೆ ಯೋಗ್ಯವಿರುವುದಿಲ್ಲ. ಸ್ಥಳದಲ್ಲಿ ಯಾವುದೇ ಪುರಾತನ ಪ್ರಾಣಿಯ ಅವಶೇಷ ಇರುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಎನ್ನುತ್ತಾರಲ್ಲ, ಅದೂ ಅಲ್ಲ ಇದು. ಪೂರ್ತಿ ಖರೆ. ಯಾವ ಕೋರ್ಟಿಗೆ ಹೋದರೂ ನಿಲ್ಲುವಂಥ ಖರೆ. ನಮ್ಮ ಕಲ್ಲಾಗ ಪ್ರಾಣಿ ಇಲ್ಲೋ ಲೇ… ಅವರು ಹುಡುಗನ ಕೈ ಹಿಡಿದು ಹೇಳಿದ ಮಾತನ್ನೇ ನಾನು ಸರಕಾರಿ ಕನ್ನಡಕ್ಕೆ ತಿರುಗಿಸಿ ಕೆಳಗೆ ಸಹಿ ಹಾಕಿದೆ. ಚಾವಡಿಗೆ ವಾಪಸು ಬಂದು ಕರದಂಟಿನ ಡಬ್ಬಿ ತೆರೆದು ಎರಡು ತುಂಡು ತಿಂದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುವುದು ದುಡಿಯುವವರ ಮಾತು. ನನಗೆ ಕೈ ಕೆಸರಾಗದೆಯೇ ಬಾಯಿಗೆ ಕರದಂಟು ಬಂದಿತ್ತು. ಅದರ ಅಂಟು ಹಲ್ಲಿನ ಸಂದಿಯಲ್ಲಿ ಕುಳಿತು ಸಂಜೆಯವರೆಗೆ ಬಿಡಲಿಲ್ಲ. ಈಗ ಅಮೀನಗಡದಲ್ಲಿ ಬಸ್ಸು ನಿಂತರೆ ಆ ತುಪ್ಪ ಬೆಲ್ಲದ ವಾಸನೆ ಬರದ ಹಾಗೆ ಕಿಟಕಿ ಮುಚ್ಚಿಕೊಳ್ಳುತ್ತೇನೆ.

ಹಾಸು ಹೋಗಲು ಒಂದು ಬೇಸಿಗೆಯೂ ಬೇಕಾಗಲಿಲ್ಲ. ಮದ್ದು ಇಟ್ಟು ಹಾರಿಸಿದರು. ಖಡಿ ಮಷಿನಿನ ಬಾಯಿಗೆ ಒಂದು ಕಡೆಯಿಂದ ರೊಟ್ಟಿಗಲ್ಲು ಹಾಕಿದರೆ ಇನ್ನೊಂದು ಕಡೆಯಿಂದ ಮುಕ್ಕಾಲು ಇಂಚಿನ ಖಡಿ ಬೀಳುತ್ತಿತ್ತು. ಬೂದಿ ಬಣ್ಣದ ಧೂಳು ಜೋಳದ ತೆನೆಯ ಮೇಲೆ, ಹಳ್ಳದ ನೀರಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕುಳಿತಿತು. ಊರ ಮನೆಗಳಲ್ಲಿ ರೊಟ್ಟಿ ಮುರಿದರೆ ಹಲ್ಲಿಗೆ ಕರಕರ ಎನ್ನುತ್ತಿತ್ತು. ಆ ವರ್ಷದ ರೊಟ್ಟಿ ಪಂಚಮಿಗೆ ಹೆಣ್ಣುಮಕ್ಕಳು ಮೊದಲ ರೊಟ್ಟಿ ಎಲ್ಲಿ ಇಡಬೇಕೆಂದು ತಿಳಿಯದೆ ಖಡಿಯ ರಾಶಿಯ ಮೇಲೆ ಇಟ್ಟು ಕೈಮುಗಿದು ಬಂದರು. ಮಷಿನಿನ ನಾಯಿಗಳು ತಿಂದವು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ರೊಟ್ಟಿ ಇಟ್ಟದ್ದಾಯಿತಲ್ಲ ಎಂದರು. ನಾನೂ ಒಂದು ಇಟ್ಟು ಬಂದೆ, ಏನು ಹೇಳಲಿ.

ಅಕ್ಕೋರು ಬಂದದ್ದು ಅದಾದ ಕೆಲವು ದಿನಕ್ಕೆ. ಮಧ್ಯಾಹ್ನದ ಬಸ್ಸಿಗೆ ಬಂದು, ಛತ್ರಿ ಮಡಿಚುತ್ತ ಚಾವಡಿಯೊಳಗೆ ಬಂದರು. ಕೂಡ್ರಿ ಅಕ್ಕೋರ ಎಂದೆ, ಕೂಡಲಿಲ್ಲ. ವರದಿಯ ನಕಲು ಕೇಳಿದರು. ಕೊಟ್ಟೆ. ನಿಂತುಕೊಂಡೇ, ಕನ್ನಡಕ ಮೂಗಿನ ತುದಿಗೆ ತಂದುಕೊಂಡು, ನಮ್ಮ ಪರೀಕ್ಷೆಯ ಪೇಪರು ಓದುತ್ತಿದ್ದ ಹಾಗೆಯೇ ನಿಧಾನವಾಗಿ ಓದಿದರು.

‘ಪ್ರಾಣಿ ಅಂತ ಯಾರ ಕೇಳಿದ್ರು?’

‘ಮ್ಯಾಲಿಂದ ಬಂದ ಕಾಗದದಾಗ ಹಂಗ ಇತ್ರಿ.’

‘ನಾ ಏನ ಬರದಿದ್ದೆ?’

‘ಜೀವಿ ಅಂತ ಬರದಿದ್ರಿ.’

‘ಎರಡರಾಗಿನ ಫರಕ್ ನಿನಗ ಗೊತ್ತಿತ್ತಿಲ್ಲೋ?’

ಗೊತ್ತಿರಲಿಲ್ಲ ಎನ್ನಬಹುದಿತ್ತು. ಅವರ ಮುಂದೆ ಸುಳ್ಳು ಬಾಯಿಂದ ಹೊರಡಲಿಲ್ಲ. ‘ಗೊತ್ತಿತ್ರಿ’ ಎಂದೆ.

ಅಕ್ಕೋರು ಕಾಗದವನ್ನು ಮೊದಲಿದ್ದಂತೆಯೇ ಮಡಿಚಿ ಟೇಬಲ್ಲಿನ ಮೇಲಿಟ್ಟರು. ‘ಬರೋಬ್ಬರಿ ಬರದೀ. ನಾ ಕಲಿಸಿದ್ದನ್ನ ಬರದೀ. ಒಂದ ಅಕ್ಷರ ತಪ್ಪಿಲ್ಲ.’

ನಾನು ಎದ್ದು ಬಂದು ಅವರ ಪಾದ ಮುಟ್ಟಲು ಬಗ್ಗಿದೆ. ನನ್ನ ಬೆರಳು ಇನ್ನೂ ಗೇಣು ದೂರದಲ್ಲಿರುವಾಗಲೇ ಅವರು ಎರಡೂ ಪಾದ ಹಿಂದಕ್ಕೆ ಎಳೆದುಕೊಂಡರು. ಬೇಕೆಂದು ಎಳೆದುಕೊಂಡದ್ದಲ್ಲ. ಕತ್ತಲಲ್ಲಿ ಏನೋ ಮೆತ್ತಗಿನದು ಕಾಲಿಗೆ ತಾಗಿದರೆ ಎಳೆದುಕೊಳ್ಳುತ್ತೇವಲ್ಲ, ಹಾಗೆ. ತಲೆ ಎತ್ತಿ ನೋಡಿದೆ. ಎಮ್ಮೆಯ ಜೊಲ್ಲು ತೇಲುವ ಬಾನಿಗೆ ಮೊಳಕೈವರೆಗೆ ಕೈ ಅದ್ದುವಾಗ ಒಂದು ಗೆರೆಯೂ ಕೊಂಕದಿದ್ದ ಆ ಮುಖ ಸುಕ್ಕುಗಟ್ಟಿತ್ತು. ಆ ಮುಖದ ಅರ್ಥ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹೇಸಿಗೆ ಪಡುವುದರಲ್ಲಿ ನಾನು ಸಣ್ಣವಳಿದ್ದಾಗಿನಿಂದ ಪಳಗಿದವಳು.

‘ಬ್ಯಾಡ. ಮುಟ್ಟಬ್ಯಾಡ’ ಎಂದರು. ಛತ್ರಿ ಬಿಚ್ಚಿಕೊಂಡು ಬಿಸಿಲಿಗೆ ಇಳಿದು ಹೋದರು…

ಎರಡು ತಿಂಗಳಿಗೆ ನನ್ನ ವರ್ಗವಾಯಿತು. ನವನಗರದಲ್ಲಿ ಮನೆ ಮಾಡಿದೆವು, ಮಗಳ ಸಾಲಿ ನಡೆದು ಹೋಗುವಷ್ಟು ಹತ್ತಿರ. ಜನ ಇಂಥದ್ದಕ್ಕೆ ದೇವರು ಕಣ್ಣು ಬಿಟ್ಟ ಎನ್ನುತ್ತಾರೆ.

ಹಾಸಿನ ಎಲ್ಲ ಕಲ್ಲೂ ಖಡಿಯಾಗಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಕಚೇರಿಯ ಗೆಳತಿಯ ಮಗಳ ಮದುವೆಯ ಊಟ ಬಾದಾಮಿಯ ಒಂದು ಹೊಸ ಹೋಟೆಲ್ಲಿನಲ್ಲಿ ಇತ್ತು. ಊಟವಾಗಿ ಕೈ ತೊಳೆಯಲು ಹೋದೆ. ಕೈ ತೊಳೆಯುವ ಕಟ್ಟೆಗೆ ಹಾಕಿದ್ದ ಕಲ್ಲನ್ನು ನೋಡಿ ನಲ್ಲಿ ತಿರುವುವುದನ್ನೂ ಮರೆತು ನಿಂತೆ. ಒಂದರೊಳಗೆ ಒಂದು ಬಳೆ ಇಟ್ಟಂಥ ಗೆರೆಗಳು. ಕನ್ನಡಿಯ ಹಾಗೆ ಪಾಲಿಶ್ ಮಾಡಿದ ರೊಟ್ಟಿಗಳು, ಒಂದೊಂದು ಪದರವೂ ಎಣಿಸುವಷ್ಟು ಸ್ಪಷ್ಟ. ಅದರ ಮೇಲೆ ಯಾರೋ ಗುಟ್ಕಾ ಉಗುಳಿದ್ದರು. ಕೆಂಪು ಜೊಲ್ಲು ಗೆರೆಗಳ ಗುಂಟ ಹರಿದು ಅಂಚಿನಿಂದ ಹನಿ ಹನಿ ತೊಟ್ಟಿಕ್ಕುತ್ತಿತ್ತು, ಪಕ್ಕದಲ್ಲಿ ಅನ್ನದ ಅಗುಳು, ಯಾರೋ ಕೆಮ್ಮಿ ಕ್ಯಾಕರಿಸಿದ ಕಫ. ಪಕ್ಕದಲ್ಲಿ ನಿಂತ ಹೆಣ್ಣುಮಗಳು ಬಾಯಿ ಮುಕ್ಕಳಿಸಿ ಅದರ ಮೇಲೇ ಉಗುಳಿ, ‘ಡಿಸೈನ್ ಭಾರಿ ಐತಿ ನೋಡ್ರಿ’ ಎಂದಳು. ಹೌದ್ರಿ ಎಂದೆ. ಬರಿಗೈಯಿಂದ ಆ ಉಗುಳನ್ನೆಲ್ಲ ಬಳಿದು ತೆಗೆದೆ. ವಾಂತಿ ಬರಲಿಲ್ಲ. ಆಕೆ ನನ್ನನ್ನು ಹುಚ್ಚಿಯ ಹಾಗೆ ನೋಡಿ ದೂರ ಸರಿದಳು.

ಇದನ್ನು ಅಕ್ಕೋರಿಗೆ ಹೇಳಬೇಕು ಅನ್ನಿಸಿತು. ಕ್ಷಮೆ ಕೇಳಲಿಕ್ಕಲ್ಲ, ಒಂದು ತುಂಡು ಉಳಿದಿದೆ, ಹೀಗೆ ಉಳಿದಿದೆ ಎಂದು ತಿಳಿಸಲಿಕ್ಕೆ. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದು ದಿನ ದೂಡಿದೆ. ಒಮ್ಮೆ ಕೆಲಸದ ಮೇಲೆ ಹುನಗುಂದಕ್ಕೆ ಹೋದಾಗ, ಇಳಕಲ್ಲಿಗೆ ಇನ್ನೆಷ್ಟು ದೂರ, ಇವತ್ತು ಹೋಗಿಯೇ ಬಿಡೋಣ ಎಂದು ಬಸ್ಸಿಗೆ ನಿಂತಿದ್ದೆ. ಅಲ್ಲಿ ನಮ್ಮ ಸಾಲಿಯ ಹಳೆಯ ಸಿಪಾಯಿ ಸಿಕ್ಕ. ಅಕ್ಕೋರು ಹ್ಯಾಂಗ ಅದಾರ ಎಂದು ಕೇಳಿದೆ. ಅಕ್ಕೋರು ಹೋಗಿ ವರ್ಷ ಆಗಾಕ ಬಂತಲ್ರಿ, ನಿಮಗ ತಿಳಿಸಲಿಲ್ಲೇನು ಯಾರೂ ಎಂದ. ಇಳಕಲ್ ಬಸ್ಸು ಬಂತು. ಹತ್ತಲಿಲ್ಲ. ಹತ್ತಿ ಯಾರ ಮನೆಗೆ ಹೋಗಲಿ.

ಟಾಕಿಯ ಮುಂದೆ ನಿಂತು ಇದೆಲ್ಲ ನೆನಪಾಗುವಷ್ಟರಲ್ಲಿ ಬಿಸಿಲೇರಿತ್ತು. ತೊಳೆಯಲು ಆಳು ಕರೆಸೋಣ ಎಂದು ಗಂಡ ಕೆಳಗಿನಿಂದ ಕೂಗಿದರು. ಬೇಡ ಎಂದೆ. ನೀರು ಖಾಲಿ ಮಾಡಿ, ಸೀರೆ ಮೇಲೆ ಕಟ್ಟಿ, ಒಳಗೆ ಇಳಿದು, ಕೈಯಿಂದಲೇ ಕೆರೆದು ತೆಗೆದೆ. ಲೋಳೆ ಉಗುರಿನ ಒಳಗೆಲ್ಲ ಸೇರಿತು. ಇನ್ನಾರು ತಿಂಗಳಿಗೆ ಮತ್ತೆ ಕಟ್ಟುತ್ತದೆ, ಅದು ಗೊತ್ತಿದೆ. ನಮ್ಮ ರೊಟ್ಟಿಗಲ್ಲು ಮಾತ್ರ ಇನ್ನು ಯಾವ ಸಮುದ್ರ ಬಂದರೂ ಕಟ್ಟುವುದಿಲ್ಲ. ಅದರ ಮೇಲೆ ಈಗ ಬಸ್ಸು ಓಡಾಡುತ್ತವೆ.

ಕೆಳಗಿಳಿದು ಬಂದು ಕೈ ತೊಳೆದೆ. ಒಮ್ಮೆ ಸೋಪಿನಿಂದ, ಇನ್ನೊಮ್ಮೆ ನಿಂಬೆಹಣ್ಣು ತಿಕ್ಕಿ. ಮೂಸಿ ನೋಡಿದೆ. ಅಕ್ಕೋರು ಹೇಳಿದ್ದು ಖರೆ, ಪಾಚಿಯ ವಾಸನೆ ಪೂರ್ತಿ ಹೋಗಿತ್ತು. ಮರುದಿನ ಸೋಮವಾರ. ಕಚೇರಿಗೆ ಹೋಗಿ, ಅದೇ ಕೈಯಿಂದ ಸಹಿ ಹಾಕುತ್ತ ಕುಳಿತೆ.